ಕಾಕ್‌ಪಿಟ್‌ಗೆ ಹೋಗುವ ದಾರಿ ಡಾಕ್ಟರ ಕೋಣೆಯಿಂದ

ಪೈಲಟ್ ಆಗುವ ಆಸೆಯನ್ನು ಮಕ್ಕಳು ಹೇಳಿಕೊಂಡೊಡನೆ ಹೆತ್ತವರು ಹುಡುಕುವುದು ಫ್ಲೈಯಿಂಗ್ ಸ್ಕೂಲನ್ನು, ಅದರ ಬೆನ್ನಿಗೇ ಬ್ಯಾಂಕ್ ಸಾಲವನ್ನು. ವೈದ್ಯಕೀಯ ತಪಾಸಣೆಯ ಸರದಿ ಬರುವಷ್ಟರಲ್ಲಿ ಎಷ್ಟೋ ಮನೆಗಳಲ್ಲಿ ಮುಂಗಡ ಕಟ್ಟಿಯಾಗಿರುತ್ತದೆ. ಈ ಕ್ರಮ ತಲೆಕೆಳಗಾಗಿದೆ. ಅರ್ಧ ಕೋಟಿಯ ಆಸುಪಾಸು ಖರ್ಚು ಬೇಡುವ ವೃತ್ತಿಯಲ್ಲಿ ‘ಆಗದು’ ಎಂಬ ಉತ್ತರ ಬರುವುದೇ ಆದರೆ, ಕೆಲವು ಸಾವಿರ ರೂಪಾಯಿ ಕಳೆಯುವಷ್ಟರಲ್ಲೇ ಬಂದುಬಿಡಲಿ.

ನಿಯಮಗಳನ್ನು ಓದಿದರೂ ಇದೇ ಕಾಣುತ್ತದೆ. ಪಿಯುಸಿಯಲ್ಲಿ ಭೌತಶಾಸ್ತ್ರ, ಗಣಿತ ಇರಬೇಕು. ಕಾಮರ್ಸ್ ಓದಿದವರು ಆ ಎರಡು ವಿಷಯಗಳನ್ನು ಮುಕ್ತ ಶಾಲೆಯ ಮೂಲಕ ಬರೆದುಕೊಳ್ಳಬಹುದು. ವಿದ್ಯಾರ್ಥಿ ಪೈಲಟ್ ಲೈಸೆನ್ಸಿಗೆ 16 ವರ್ಷ, ಕಮರ್ಷಿಯಲ್ ಲೈಸೆನ್ಸಿಗೆ 18. ಓದಿ, ಕಾದು ದಾಟಬಹುದಾದ ಅಡ್ಡಿಗಳಿವು. ದೇಹದ್ದು ಹಾಗಲ್ಲ. ಮೊದಲು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ (ಡಿಜಿಸಿಎ) ಮಾನ್ಯತೆ ಪಡೆದ ವೈದ್ಯರಲ್ಲಿ ಕ್ಲಾಸ್ 2, ಆಮೇಲೆ ಕಠಿಣವಾದ ಕ್ಲಾಸ್ 1 ತಪಾಸಣೆ. ಎರಡನೆಯದಕ್ಕೆ ಬಹುಕಾಲದಿಂದ ಹೆಸರಾದ ಸಂಸ್ಥೆ ನಮ್ಮ ಬೆಂಗಳೂರಿನಲ್ಲೇ ಇದೆ: ವಾಯುಪಡೆಯ ಇನ್‌ಸ್ಟಿಟ್ಯೂಟ್ ಆಫ್ ಏರೋಸ್ಪೇಸ್ ಮೆಡಿಸಿನ್. ಕನ್ನಡಕ ಬಂದರೆ ಕನಸು ಮುಗಿಯಿತು ಎಂದುಕೊಂಡವರು ಬಹಳ. ಕನ್ನಡಕದಿಂದ ದೃಷ್ಟಿ ಸರಿಹೋದರೆ ಸಾಮಾನ್ಯವಾಗಿ ತೊಂದರೆಯಿಲ್ಲ. ಆದರೆ ಬಣ್ಣದ ಚುಕ್ಕಿಗಳ ನಡುವೆ ಅಡಗಿದ ಅಂಕಿ ಕಾಣದ ವರ್ಣಾಂಧತೆಯನ್ನು ಯಾವ ಕೋಚಿಂಗೂ ತಿದ್ದಲಾರದು.

ಎರಡನೆಯ ಮೆಟ್ಟಿಲು ಹಾರಾಟವಲ್ಲ, ಪರೀಕ್ಷೆ. ನ್ಯಾವಿಗೇಶನ್, ಹವಾಮಾನ, ವಾಯುನಿಯಮ, ತಾಂತ್ರಿಕ ವಿಷಯಗಳು; ತೇರ್ಗಡೆಗೆ ನೂರಕ್ಕೆ 70. ಪುಸ್ತಕ ಹಿಡಿದು ಕೂತರೆ ವಯಸ್ಸು ಓಡುತ್ತದೆ, ಹಾರುತ್ತಲೇ ಓದಬಹುದಲ್ಲ ಎನ್ನುವವರಿದ್ದಾರೆ. ಆದರೆ ಲೈಸೆನ್ಸಿಗೆ ಬೇಕಾದ 200 ಗಂಟೆ ಕ್ಯಾಲೆಂಡರಿನ ಮಾತು ಕೇಳುವುದಿಲ್ಲ. ಮಳೆಗಾಲ ಹಿಡಿದರೆ ಹಾರಾಟ ನಿಲ್ಲುತ್ತದೆ, ವಿಮಾನ ರಿಪೇರಿಗೆ ಹೋಗುತ್ತದೆ, ಬೋಧಕರು ಸಾಲದೆ ಹೋಗುತ್ತಾರೆ. ಓದು ಮುಗಿಸಿದವನು ತಿಳಿಯಾದ ಪ್ರತಿ ಬೆಳಗನ್ನೂ ಹಾರಾಟಕ್ಕೆ ಕೊಡಬಲ್ಲ; ಉಳಿದವನು ಪರೀಕ್ಷೆಯ ತಯಾರಿಗೆ ಹಾಸ್ಟೆಲಿನಲ್ಲಿ ಉಳಿಯುತ್ತಾನೆ. ಬೆಂಗಳೂರಿನ ಜಕ್ಕೂರಿನ ಸರ್ಕಾರಿ ಫ್ಲೈಯಿಂಗ್ ಸ್ಕೂಲಿರಲಿ, ಉತ್ತರ ಪ್ರದೇಶದ ಅಮೇಠಿ ಜಿಲ್ಲೆಯ ಫುರ್ಸತ್‌ಗಂಜ್‌ನ ಕೇಂದ್ರ ಸರ್ಕಾರದ ಅಕಾಡೆಮಿಯಿರಲಿ, ಈ ಲೆಕ್ಕ ಒಂದೇ. ವಿದೇಶದಲ್ಲಿ ಗಂಟೆಗಳು ಬೇಗ ಮುಗಿಯಬಹುದು, ನಿಜ. ಮರಳಿ ಬಂದು ಲೈಸೆನ್ಸನ್ನು ಭಾರತದ್ದಾಗಿ ಪರಿವರ್ತಿಸಿಕೊಳ್ಳುವಾಗ ಇಲ್ಲಿನ ಪರೀಕ್ಷೆ ಕಾದೇ ಇರುತ್ತದೆ.

ಸಾಲದ ಮಾತು ಕೊನೆಗೆ ಬರಬೇಕು. 2023ರಲ್ಲಿ ಇಂಡಿಗೊ 500, ಏರ್ ಇಂಡಿಯಾ 470 ವಿಮಾನಗಳಿಗೆ ಆರ್ಡರ್ ಕೊಟ್ಟವು, ಇನ್ನೇನು ಚಿಂತೆ ಎನ್ನುತ್ತವೆ ಜಾಹೀರಾತುಗಳು. ಆರ್ಡರ್ ಸುಳ್ಳಲ್ಲ. ಆದರೆ ವಿಮಾನಗಳು ಬರುವುದು ವರ್ಷಗಟ್ಟಲೆ ಕಾಲದಲ್ಲಿ. ಪ್ರತಿ ವಿಮಾನಕ್ಕೂ ಮೊದಲು ಬೇಕಾಗುವುದು ಕ್ಯಾಪ್ಟನ್, ಅವರ ಲೈಸೆನ್ಸಿಗೆ 1500 ಗಂಟೆ. 200 ಗಂಟೆಯ ಹೊಸಬ ಏರ್‌ಬಸ್‌ಗೋ ಬೋಯಿಂಗ್‌ಗೋ ಟೈಪ್ ರೇಟಿಂಗ್, ಅಂದರೆ ಆ ಮಾದರಿಯನ್ನು ಹಾರಿಸುವ ಅರ್ಹತೆ, ಪಡೆಯಬೇಕು; ಅನೇಕ ಬಾರಿ ಅದೂ ಸ್ವಂತ ಖರ್ಚೇ. ಕಿಂಗ್‌ಫಿಷರ್ ಏರ್‌ಲೈನ್ಸ್ 2012ರಲ್ಲಿ, ಜೆಟ್ ಏರ್‌ವೇಸ್ 2019ರಲ್ಲಿ ನಿಂತಾಗ ಸಾವಿರಾರು ಗಂಟೆ ಹಾರಿದವರೇ ಕೆಲಸ ಹುಡುಕಿದರು. ಹೊಸಬರ ಸರದಿ ಅವರ ಹಿಂದೆ. ಸಾಲದ ಕಂತು ಮಾತ್ರ ಸರದಿ ಕಾಯುವುದಿಲ್ಲ. ನೌಕರಿಯಿಲ್ಲದೆ ಎರಡು ವರ್ಷ ಕಂತು ಕಟ್ಟಲು ಮನೆಗೆ ಸಾಧ್ಯವೇ ಎಂದು ಮೊದಲೇ ಕೂಡಿಸಿ ಕಳೆದು ನೋಡಬೇಕು. ಸಾಧ್ಯವಿಲ್ಲವಾದರೆ ಅದೇ ಪಿಯುಸಿ ವಿಜ್ಞಾನದ ಮೇಲೆ ವಿಮಾನ ನಿರ್ವಹಣಾ ಎಂಜಿನಿಯರ್ ಲೈಸೆನ್ಸ್ ಇದೆ. ಖರ್ಚು ಪೈಲಟ್ ತರಬೇತಿಯದರ ಒಂದು ಭಾಗವಷ್ಟೆ. ರಿಪೇರಿ ಮುಗಿದ ವಿಮಾನವನ್ನು ಸೇವೆಗೆ ಬಿಡುವ ಸಹಿ ಆ ಎಂಜಿನಿಯರದೇ. ಅದು ಬೀಳುವತನಕ ಎಂಥ ಕ್ಯಾಪ್ಟನ್ನೂ ಕೆಳಗೇ ಕಾಯಬೇಕು.