ಕಲ್ಲಿನ ಕಂಬಗಳು ಏಕೆ ಹತ್ತಿರ ಹತ್ತಿರ?

ಭದ್ರಾವತಿಯ ಲಕ್ಷ್ಮೀನರಸಿಂಹ ದೇವಾಲಯದ ನವರಂಗವನ್ನು ಹೊಕ್ಕೊಡನೆ ನಮ್ಮ ಕಣ್ಣಿಗೆ ಬೀಳುವುವು ಕಂಬಗಳು. 13ನೆಯ ಶತಮಾನದ ಹೊಯ್ಸಳ ಶಿಲ್ಪಿಗಳು ಅವನ್ನು ಇಷ್ಟು ಹತ್ತಿರವಾಗಿ ಏಕೆ ನಿಲ್ಲಿಸಿದರು? ಬರಿಯ ಅಂದಕ್ಕಾಗಿಯೆ? ಅಲ್ಲ. ಉತ್ತರವನ್ನು ನಾವು ಮಾನವನ ಮೊದಲ ವಸತಿಗಳಿಂದ ಅರಸಬೇಕು.

ಗುಹೆಯನ್ನು ತೊರೆದ ಮಾನವನು ಮರ, ಹುಲ್ಲು, ಮಣ್ಣುಗಳಿಂದ ಮನೆ ಕಟ್ಟಿದನು. ಬಳ್ಳಾರಿ ಜಿಲ್ಲೆಯ ತೆಕ್ಕಲಕೋಟೆಯಲ್ಲಿ ನವಶಿಲಾಯುಗದವರ ದುಂಡು ಗುಡಿಸಲುಗಳ ಕುರುಹುಗಳು ದೊರೆತಿವೆ, ಗುಡಿಸಲುಗಳು ಉಳಿದಿಲ್ಲ. ಉಳಿದುದು ಕಲ್ಲು. ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿನ ನಿಲಸ್‌ಕಲ್ಲಿನಲ್ಲಿ ಬೃಹತ್ ಶಿಲಾಯುಗದ ನಿಲುಗಲ್ಲುಗಳು ಇಂದಿಗೂ ನಿಂತಿವೆ. ಎರಡು ನಿಲುಗಲ್ಲುಗಳ ಮೇಲೆ ಅಡ್ಡಗಲ್ಲೊಂದನ್ನು ಇರಿಸಿದರೆ ಬಾಗಿಲಾಯಿತು! ಇಂಗ್ಲೆಂಡಿನ ಸ್ಟೋನ್‌ಹೆಂಜ್ ಇದೇ ಕ್ರಮದ್ದು.

ಆದರೆ ಕಲ್ಲಿಗೊಂದು ಕುಂದುಂಟು. ತೊಲೆಯ ಮೇಲೆ ಭಾರ ಬಿದ್ದಾಗ ಅದರ ಮೇಲ್ಭಾಗವು ಒತ್ತಲ್ಪಡುವುದು, ಕೆಳಭಾಗವು ಎಳೆಯಲ್ಪಡುವುದು. ಕಲ್ಲು ಒತ್ತಡವನ್ನು ಚೆನ್ನಾಗಿ ತಾಳಬಲ್ಲುದು. ಎಳೆತಕ್ಕೆ ಬೇಗನೆ ಬಿರಿಯುವುದು. ಆದುದರಿಂದ ಕಲ್ಲಿನ ತೊಲೆ ಗಿಡ್ಡವಾಗಿರಬೇಕು, ಕಂಬಗಳು ಒತ್ತಾಗಿರಬೇಕು. ಈಜಿಪ್ಟಿನ ಕಾರ್ನಾಕ್ ದೇವಾಲಯದ ಮಹಾಮಂಟಪದಲ್ಲಿ 134 ಕಂಬಗಳಿವೆ! ಶಿವಮೊಗ್ಗದ ಶಿವಪ್ಪನಾಯಕನ ಅರಮನೆಯಂತಹ ಮರದ ಕಟ್ಟಡಗಳಿಗೆ ಈ ತೊಡಕು ಕಡಿಮೆ. ಮರದ ನಾರು ಎಳೆತವನ್ನೂ ತಾಳುವುದು.

ಕಲ್ಲಿನ ಕುಂದು ಇಂದಿನ ಕಾಂಕ್ರೀಟಿಗೂ ಉಂಟು. ಅದನ್ನು ನೀಗಿದುದು ಉಕ್ಕು. ತೊಲೆಯ ಕೆಳಭಾಗದಲ್ಲಿ ಹುದುಗಿಸಿದ ಉಕ್ಕಿನ ಸರಳುಗಳು ಎಳೆತವನ್ನು ಹೊರುವುವು. ಕಂಬಗಳು ದೂರ ಸರಿಯಬಹುದು. ಅದೇ ಭದ್ರಾವತಿಯಲ್ಲಿ 1923ರಲ್ಲಿ ಕಬ್ಬಿಣದ ಕಾರ್ಖಾನೆ ಕೆಲಸ ಆರಂಭಿಸಿತು. ಹಳೆಯ ಪ್ರಶ್ನೆಯೂ ಹೊಸ ಉತ್ತರವೂ ನಮಗೆ ಒಂದೇ ಊರಿನಲ್ಲಿ ದೊರೆತಂತಾಯಿತು.