ಲೋಕಸೇವಾ ಪರೀಕ್ಷೆಗಳೂ ನಮ್ಮ ಕನ್ನಡ ವಿದ್ಯಾರ್ಥಿಗಳೂ

ಹತ್ತನೆಯ ತರಗತಿ ಮುಗಿಸಿದ ಹುಡುಗನ ತಂದೆಯೊಬ್ಬರು ಶಾಲೆಗೆ ಬಂದು, “ಮಾಷ್ಟ್ರೇ, ಕನ್ನಡದಲ್ಲಿ ಕಲಿತವರು ಕಲೆಕ್ಟರರಾಗುವುದುಂಟೋ?” ಎಂದು ಕೇಳುವುದು ಕಾಸರಗೋಡು ಸೀಮೆಯ ಅಧ್ಯಾಪಕರಿಗೆ ಹೊಸತಲ್ಲ. ಈ ಪ್ರಶ್ನೆಗೆ ನಾವು ಬಹುಕಾಲ ಸಮಾಧಾನದ ಮಾತು ಹೇಳಿ ಕಳುಹಿಸುತ್ತಿದ್ದೆವೇ ಹೊರತು ನಿಯಮಗಳನ್ನು ಓದಿ ಉತ್ತರಿಸುತ್ತಿರಲಿಲ್ಲ. ಅದರ ಫಲವನ್ನು ನಮ್ಮ ಶಿಷ್ಯನೊಬ್ಬನು ಉಣ್ಣಬೇಕಾಯಿತು. ಆ ಕಾರಣದಿಂದಲೇ ಈ ಲೇಖನ.

ಕೇಂದ್ರ ಲೋಕಸೇವಾ ಆಯೋಗದ ಸಿವಿಲ್ ಸರ್ವಿಸ್ ಪರೀಕ್ಷೆಗೆ ಇಂದಿನ ಮೂರು ಮೆಟ್ಟಲುಗಳು ಬಂದುದು 1979ರಲ್ಲಿ. ಡಾ. ಡಿ. ಎಸ್. ಕೊಠಾರಿಯವರ ಅಧ್ಯಕ್ಷತೆಯ ಸಮಿತಿಯು 1976ರಲ್ಲಿ ಒಪ್ಪಿಸಿದ ವರದಿಯೇ ಅದಕ್ಕೆ ಆಧಾರ. ಪೂರ್ವಭಾವಿ ಪರೀಕ್ಷೆ, ಪ್ರಧಾನ ಪರೀಕ್ಷೆ, ಸಂದರ್ಶನ ಎಂಬ ಮೂರರಲ್ಲಿ ಮೊದಲನೆಯದು ಬರಿಯ ಜರಡಿ. ಅದರ ಅಂಕಗಳು ಅಂತಿಮ ಪಟ್ಟಿಗೆ ಸೇರುವುದಿಲ್ಲ. ಪ್ರಧಾನ ಪರೀಕ್ಷೆಯಲ್ಲಿ ಪ್ರಬಂಧ ಒಂದು, ಸಾಮಾನ್ಯ ಅಧ್ಯಯನ ನಾಲ್ಕು, ಐಚ್ಛಿಕ ವಿಷಯ ಎರಡು, ಹೀಗೆ ಏಳು ಪತ್ರಿಕೆಗಳಿಗೆ ತಲಾ 250ರಂತೆ 1750 ಅಂಕ. ಸಂದರ್ಶನಕ್ಕೆ 275. ಇವನ್ನಲ್ಲದೆ ತಲಾ 300 ಅಂಕಗಳ ಎರಡು ಭಾಷಾಪತ್ರಿಕೆಗಳುಂಟು: ‘ಎ’ ಪತ್ರಿಕೆ ಭಾರತೀಯ ಭಾಷೆಯೊಂದರದು, ‘ಬಿ’ ಪತ್ರಿಕೆ ಇಂಗ್ಲಿಷಿನದು. ಇವೆರಡರ ಅಂಕಗಳನ್ನು ಮೊತ್ತಕ್ಕೆ ಕೂಡಿಸುವುದಿಲ್ಲ. ಆದರೆ ಒಂದೊಂದರಲ್ಲಿಯೂ ನೂರಕ್ಕೆ 25ರಂತೆ 75 ಅಂಕ ಬಾರದಿದ್ದರೆ ಉಳಿದ ಏಳು ಪತ್ರಿಕೆಗಳನ್ನು ಗಣನೆಗೇ ತೆಗೆದುಕೊಳ್ಳುವುದಿಲ್ಲ.

ನಮ್ಮ ಶಿಷ್ಯನು ಎಡವಿದುದು ಇಲ್ಲಿಯೇ. ಹತ್ತನೆಯವರೆಗೂ ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗನು ಪದವಿಯಾದ ಬಳಿಕ ಅರ್ಜಿ ತುಂಬುವ ಮುನ್ನ ನಮ್ಮಲ್ಲಿಗೆ ಬಂದು, ‘ಎ’ ಪತ್ರಿಕೆಗೆ ಯಾವ ಭಾಷೆ ಬರೆಯಲಿ ಎಂದು ಕೇಳಿದನು. ಕೇರಳದ ವಿಳಾಸವಿರುವವನು ಮಲೆಯಾಳವನ್ನೇ ಆರಿಸಬೇಕಾದೀತು ಎಂದು ನಾವು ಹೇಳಿಬಿಟ್ಟೆವು. ಗುರುಗಳ ಮಾತೆಂದು ಅವನು ಹಾಗೆಯೇ ತುಂಬಿದನು. ಪೇಟೆಯಲ್ಲಿ ವ್ಯವಹರಿಸುವಷ್ಟು ಮಲೆಯಾಳ ಅವನಿಗೆ ಸಲೀಸಾಗಿ ಬರುತ್ತಿತ್ತು. ನೂರು ಅಂಕದ ಪ್ರಬಂಧ ಬರೆಯುವಷ್ಟು ಬರುತ್ತಿರಲಿಲ್ಲ. 75 ಅಂಕ ಮುಟ್ಟಲಿಲ್ಲ. ಅವನಿಗಿದ್ದ ಆರು ಅವಕಾಶಗಳಲ್ಲಿ ಒಂದು ಹೀಗೆ ಕಳೆಯಿತು.

ನಿಯಮವಾದರೋ ಸ್ಪಷ್ಟವಾಗಿದೆ. ಸಂವಿಧಾನದ ಎಂಟನೆಯ ಅನುಸೂಚಿಯ 22 ಭಾಷೆಗಳಲ್ಲಿ ಯಾವುದನ್ನಾದರೂ ಅಭ್ಯರ್ಥಿಯು ಆರಿಸಿಕೊಳ್ಳಬಹುದು. ವಾಸಸ್ಥಳದ ನಿರ್ಬಂಧವಿಲ್ಲ, ಮಾತೃಭಾಷೆಯ ನಿರ್ಬಂಧವೂ ಇಲ್ಲ. ಒಮ್ಮೆ ತುಂಬಿದ ಆಯ್ಕೆಯನ್ನು ಮಾತ್ರ ಮನಬಂದಂತೆ ಬದಲಿಸುವಂತಿಲ್ಲ. ನಮ್ಮ ಮಕ್ಕಳಲ್ಲಿ ಅನೇಕರ ಮನೆಮಾತು ತುಳು, ಅದು ಅನುಸೂಚಿಯಲ್ಲಿಲ್ಲ. 1992ರಲ್ಲಿ ಸೇರಿದ ಕೊಂಕಣಿ ಇದೆ. ಆದಕಾರಣ ತುಳು ಮನೆಯ ಮಗುವಿಗೆ ನಾವು ತರಗತಿಯಲ್ಲಿ ಕಲಿಸುವ ಕನ್ನಡವೇ ಮುಂದೆ ಈ ಪತ್ರಿಕೆಯ ಬಂಡವಾಳ.

ಆ ‘ಎ’ ಪತ್ರಿಕೆಯನ್ನು ಬಿಡಿಸಿ ನೋಡಿದರೆ ಪ್ರೌಢಶಾಲೆಯ ಭಾಷಾಧ್ಯಾಪಕರಿಗೆ ಪರಿಚಿತ ಮುಖಗಳೇ ಕಾಣುತ್ತವೆ. ಪ್ರಬಂಧಕ್ಕೆ 100, ಗದ್ಯಭಾಗವನ್ನು ಓದಿ ಉತ್ತರಿಸುವುದಕ್ಕೆ 60, ಸಂಕ್ಷೇಪ ಲೇಖನಕ್ಕೆ 60, ಇಂಗ್ಲಿಷಿನಿಂದ ಕನ್ನಡಕ್ಕೂ ಕನ್ನಡದಿಂದ ಇಂಗ್ಲಿಷಿಗೂ ಅನುವಾದಕ್ಕೆ ತಲಾ 20, ವ್ಯಾಕರಣ ಮತ್ತು ಪದಪ್ರಯೋಗಕ್ಕೆ 40. ಇದರಲ್ಲಿ ನಾವು ಕಲಿಸದಿರುವುದು ಯಾವುದು? ಆದರೆ ಸಂಕ್ಷೇಪ ಲೇಖನವನ್ನು ಈಚೆಗೆ ನಾವು ಹಗುರಾಗಿ ಕಂಡಿದ್ದೇವೆಂದು ಒಪ್ಪಿಕೊಳ್ಳಬೇಕು. ಕೊಟ್ಟ ಭಾಗವನ್ನು ಮೂರನೆಯ ಒಂದಂಶಕ್ಕೆ ಇಳಿಸುವಾಗ ಹುಡುಗರು ನಡುನಡುವಿನ ವಾಕ್ಯಗಳನ್ನು ಕಿತ್ತು ಜೋಡಿಸುತ್ತಾರೆ. ಅದನ್ನು ನೋಡಿಯೂ ನಾವು ಕೆಂಪು ಮಸಿಯ ಒಂದು ಗುರುತು ಹಾಕಿ ಮುಂದೆ ಸಾಗುತ್ತೇವೆ.

ಇನ್ನು ಮಾಧ್ಯಮದ ವಿಚಾರ. ಪ್ರಧಾನ ಪರೀಕ್ಷೆಯ ಏಳೂ ಪತ್ರಿಕೆಗಳನ್ನು ಕನ್ನಡದಲ್ಲಿ ಬರೆಯಲು ಅವಕಾಶವಿದೆ. ಹಾಗೆ ಬರೆದವರು ಸಂದರ್ಶನಕ್ಕೂ ಕನ್ನಡವನ್ನು ಕೋರಬಹುದು. 2013ರ ಮಾರ್ಚಿನಲ್ಲಿ ಈ ಸ್ವಾತಂತ್ರ್ಯವನ್ನು ಮೊಟಕುಗೊಳಿಸುವ ಅಧಿಸೂಚನೆಯೊಂದು ಹೊರಟಿತಾದರೂ ಸಂಸತ್ತಿನಲ್ಲಿ ಗದ್ದಲವೆದ್ದು ಆ ಭಾಗವನ್ನು ಹಿಂತೆಗೆಯಲಾಯಿತು. ಆದರೆ ಉತ್ತರ ಕನ್ನಡದಲ್ಲಿ ಬರೆಯಬಹುದಾದರೂ ಪ್ರಶ್ನೆ ಕನ್ನಡದಲ್ಲಿ ಬರುವುದಿಲ್ಲ. ಭಾಷೆ ಮತ್ತು ಸಾಹಿತ್ಯದ ಪತ್ರಿಕೆಗಳನ್ನು ಬಿಟ್ಟು ಉಳಿದೆಲ್ಲ ಪ್ರಶ್ನೆಗಳೂ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಅಚ್ಚಾಗುತ್ತವೆ. (ನೆರೆಯ ಮಲೆಯಾಳ, ತಮಿಳು ವಿದ್ಯಾರ್ಥಿಗಳ ಪಾಡೂ ಇದೇ.) ಪೂರ್ವಭಾವಿಯ ಎರಡನೆಯ ಪತ್ರಿಕೆಯಲ್ಲಿ ಇದರ ಪೆಟ್ಟು ಹೆಚ್ಚು. 80 ಪ್ರಶ್ನೆ, 200 ಅಂಕ, ನೂರಕ್ಕೆ 33 ಬಂದರೆ ಸಾಕು; ಆದರೆ ಅಲ್ಲಿನ ಗದ್ಯಭಾಗಗಳನ್ನು ಇಂಗ್ಲಿಷಿನಲ್ಲಿಯೇ ಬೇಗ ಬೇಗ ಓದಿ ತಿಳಿಯಬೇಕು, ತಪ್ಪು ಉತ್ತರಕ್ಕೆ ಆ ಪ್ರಶ್ನೆಯ ಮೂರನೆಯ ಒಂದು ಪಾಲು ಅಂಕ ಕಳೆಯುತ್ತಾರೆ.

ಆದ್ದರಿಂದ ಕನ್ನಡದಲ್ಲಿ ಬರೆಯಬಯಸುವವನಿಗೆ ಇಂಗ್ಲಿಷ್ ಓದುವ ಶಕ್ತಿ ಇತರರಿಗಿಂತ ಕಡಮೆಯಾದರೆ ನಡೆಯದು, ಹೆಚ್ಚೇ ಬೇಕು. ‘ಡಿಸ್ಕಸ್’ ಎಂದರೆ ಎರಡು ಪಕ್ಷಗಳನ್ನೂ ಎತ್ತಿಹೇಳುವುದು. ‘ಎಲ್ಯುಸಿಡೇಟ್’ ಎಂದರೆ ಉದಾಹರಣೆಯೊಡನೆ ವಿಶದಪಡಿಸುವುದು. ‘ಕ್ರಿಟಿಕಲಿ ಎಕ್ಸಾಮಿನ್’ ಎಂದರೆ ಗುಣದೋಷಗಳನ್ನು ತೂಗಿ ತನ್ನ ನಿರ್ಣಯ ಕೊಡುವುದು. ಇಂಥ ಹತ್ತು ಹನ್ನೆರಡು ಪದಗಳ ಪಟ್ಟಿಯೊಂದನ್ನು ನಾವು ಎಂಟನೆಯ ತರಗತಿಯ ಗೋಡೆಗೆ ತೂಗಹಾಕಿದ್ದೇವೆ. ಸಮಾಜಶಾಸ್ತ್ರದ ಪಾಠವಾದ ಮೇಲೆ ಅದರಲ್ಲೊಂದನ್ನು ಹಿಡಿದು ಪ್ರಶ್ನೆ ಕೇಳುತ್ತೇವೆ, ಉತ್ತರವನ್ನು ಕನ್ನಡದಲ್ಲಿ ಬರೆಯಿಸುತ್ತೇವೆ. ಸಾಮಾನ್ಯ ಅಧ್ಯಯನದ ಪತ್ರಿಕೆಯಲ್ಲಿ ಮೂರು ಗಂಟೆಗೆ ಇಪ್ಪತ್ತು ಪ್ರಶ್ನೆ. ಒಂದಕ್ಕೆ ಒಂಬತ್ತು ನಿಮಿಷ. ಕನ್ನಡಕ್ಕೆ ಇಲ್ಲೊಂದು ಅನುಕೂಲವೂ ಇದೆ: ‘ಇನ್ ದ ವಿಲೇಜ್’ ಎಂಬ ಮೂರು ಮಾತು ನಮ್ಮಲ್ಲಿ ‘ಹಳ್ಳಿಯಲ್ಲಿ’ ಎಂಬ ಒಂದೇ ಮಾತಾಗುವುದರಿಂದ 150 ಅಥವಾ 250 ಪದಗಳ ಮಿತಿಯಲ್ಲಿ ಹೆಚ್ಚು ವಿಷಯ ಹಿಡಿಯುತ್ತದೆ. ಕೈಯ ವೇಗವನ್ನು ಮಾತ್ರ ಬೆಳೆಸಬೇಕು. ಪಾರಿಭಾಷಿಕ ಪದ ಕನ್ನಡದಲ್ಲಿ ಅಪರಿಚಿತವೆನಿಸಿದರೆ ಪಕ್ಕದ ಆವರಣದಲ್ಲಿ ಇಂಗ್ಲಿಷ್ ಪದ ಬರೆಯಲು ನಿಯಮವೇ ಒಪ್ಪುತ್ತದೆ; ಇದು ಅನೇಕರಿಗೆ ತಿಳಿಯದು.

ಐಚ್ಛಿಕ ವಿಷಯವಾಗಿ ಕನ್ನಡ ಸಾಹಿತ್ಯವನ್ನು ಆರಿಸಿಕೊಂಡವರು ಪಂಪನ ವಿಕ್ರಮಾರ್ಜುನ ವಿಜಯದ 12 ಮತ್ತು 13ನೆಯ ಆಶ್ವಾಸಗಳು, ವಡ್ಡಾರಾಧನೆಯ ಎರಡು ಕಥೆಗಳು, ಕುಮಾರವ್ಯಾಸನ ಕರ್ಣಪರ್ವ, ಕಾರಂತರ ‘ಬೆಟ್ಟದ ಜೀವ’, ದೇವನೂರ ಮಹಾದೇವರ ‘ಒಡಲಾಳ’ ಮೊದಲಾದವನ್ನು ಓದಬೇಕು. ಇದು ಸುಲಭವೆಂದು ನುಗ್ಗುವವರುಂಟು. ಹಳಗನ್ನಡದ ರುಚಿ ಹತ್ತದವನಿಗೆ ಇದು ಸುಲಭವಲ್ಲವೆಂಬುದು ನಮ್ಮ ಅಭಿಪ್ರಾಯ.

ರಾಜ್ಯಮಟ್ಟದಲ್ಲಿಯೂ ಬಾಗಿಲು ಮುಚ್ಚಿಲ್ಲ. 2019ರ ನವೆಂಬರಿನಲ್ಲಿ ಕೇರಳ ಆಡಳಿತ ಸೇವೆಗೆ ಮೊದಲ ಅಧಿಸೂಚನೆ ಹೊರಟಾಗ ಪೂರ್ವಭಾವಿ ಪರೀಕ್ಷೆಯ 30 ಅಂಕದ ಭಾಷಾಭಾಗಕ್ಕೆ ಮಲೆಯಾಳದೊಡನೆ ತಮಿಳು, ಕನ್ನಡಗಳನ್ನೂ ಇರಿಸಿದ್ದರು. ಆದರೂ ಕೇರಳದಲ್ಲಿ ಕೆಲಸ ಮಾಡುವ ಅಧಿಕಾರಿಗೆ ಮಲೆಯಾಳ ಬೇಕೇ ಬೇಕು. ಅದನ್ನು ನಮ್ಮ ಮಕ್ಕಳು ಕಲಿಯಬಾರದೆಂದು ನಾವು ಎಂದೂ ಹೇಳಿಲ್ಲ.

ಮೇಲೆ ಹೇಳಿದ ಶಿಷ್ಯನು ಮರುವರ್ಷ ‘ಎ’ ಪತ್ರಿಕೆಗೆ ಕನ್ನಡವನ್ನು ಬರೆದು ತೇರ್ಗಡೆಯಾದನು. ಸಂದರ್ಶನಕ್ಕೆ ಕರೆ ಬರಲಿಲ್ಲ. ಈಗ ಶನಿವಾರಗಳಲ್ಲಿ ನಮ್ಮ ಶಾಲೆಗೆ ಬಂದು ಮಕ್ಕಳಿಂದ ಸಂಕ್ಷೇಪ ಲೇಖನ ಮಾಡಿಸುತ್ತಾನೆ, ಮಿಕ್ಕ ದಿನ ತಾನು ಓದುತ್ತಾನೆ. ಮೂರನೆಯ ಸಲದ ಅರ್ಜಿಯನ್ನು ಕಳುಹಿಸುವ ಮುನ್ನ ಅವನೂ ನಾವೂ ಜೊತೆಗೆ ಕುಳಿತು ನಿಯಮಾವಳಿಯನ್ನು ಮೊದಲಿನಿಂದ ಕಡೆಯವರೆಗೆ ಓದಿದೆವು.