ಮಲಗುವ ಕೋಣೆಯ ಧೂಳೂ ಕಣ್ಣಿಗೆ ಕಾಣದ ನುಸಿಯೂ

ಕೋಳಿ ಕೂಗುವದಕ್ಕೆ ಮುಂಚೆಯೇ ಸೀನಿನ ಸದ್ದಿನಿಂದ ಎಚ್ಚರಗೊಳ್ಳುವ ಮನೆಗಳು ನಮ್ಮಲ್ಲಿ ಕಡಿಮೆಯಲ್ಲ. ಮನೆಯ ಹುಡುಗಿಯೊಬ್ಬಳು ಹಾಸಿಗೆಯಿಂದ ಏಳುತ್ತಲೇ ಹತ್ತು ಹನ್ನೆರಡು ಸಾರಿ ಸೀನುವಳು. ಮೂಗು ಸೋರುವದು, ಕಣ್ಣು ಕೆರೆಯುವದು. ಕೆಲವು ರಾತ್ರಿ ಎದೆ ಬಿಗಿದು, ಗೊರಗೊರನೆ ಉಸಿರೆಳೆಯುತ್ತ, ದಿಂಬಿಗೊರಗಿ ಕುಳಿತೇ ಬೆಳಗು ಮಾಡುವಳು. ಮಧ್ಯಾಹ್ನದ ಹೊತ್ತಿಗೆ ಎಲ್ಲವೂ ಶಾಂತವಾಗುವದರಿಂದ ಮನೆಯವರು ಇದನ್ನು ಶೀತವೆಂದೂ, ಬಾಳೆಹಣ್ಣು ಮೊಸರುಗಳ ದೋಷವೆಂದೂ, ತಲೆಗೆ ಸ್ನಾನ ಮಾಡಿದ್ದರ ಫಲವೆಂದೂ ಹೇಳಿ ಸುಮ್ಮನಾಗುವರು. ಶಾಲೆಯಲ್ಲಿಯಾದರೋ ನಿದ್ದೆಗೆಟ್ಟ ಆ ಹುಡುಗಿಯು ಪಾಠದ ಹೊತ್ತಿನಲ್ಲಿ ತೂಕಡಿಸಿ ಸೋಮಾರಿಯೆಂಬ ಹೆಸರನ್ನು ಹೊರುವಳು. ಇಂಥವಳ ಬಾಧೆಗೆ ಕಾರಣವು ಅನೇಕ ಸಾರಿ ಅವಳು ತಲೆಯಿಟ್ಟು ಮಲಗುವ ದಿಂಬಿನಲ್ಲಿಯೇ ಇರುತ್ತದೆ. ಅದು ಹೇಗೆಂಬದನ್ನು ಇಲ್ಲಿ ವಿವರಿಸುವೆವು.

ಮನೆಯ ಧೂಳಿನಲ್ಲಿ ನುಸಿ ಎಂಬ ಅತಿ ಸಣ್ಣ ಜೀವಿಯು ವಾಸಿಸುತ್ತದೆ. ಕರಾವಳಿಯ ಕೆಲವೆಡೆಗಳಲ್ಲಿ ಸೊಳ್ಳೆಯನ್ನೂ ನುಸಿಯೆನ್ನುವದುಂಟು. ನಾವು ಹೇಳುವದು ಅದನ್ನಲ್ಲ. ಇದು ಜೇಡನ ಬಳಗಕ್ಕೆ ಸೇರಿದ್ದು. ಬೆಳೆದ ನುಸಿಗೆ ಎಂಟು ಕಾಲುಗಳು. ಮೂರು ನುಸಿಗಳನ್ನು ಸಾಲಾಗಿ ನಿಲ್ಲಿಸಿದರೆ ಒಂದು ಮಿಲಿಮೀಟರಿನಷ್ಟು ಉದ್ದವಾದೀತು. ಅದು ಕಚ್ಚುವದಿಲ್ಲ, ರಕ್ತ ಹೀರುವದಿಲ್ಲ. ನಮ್ಮ ಮೈಯಿಂದ ದಿನವೂ ಉದುರುವ ಚರ್ಮದ ಹೊಟ್ಟೇ ಅದರ ಮುಖ್ಯ ಆಹಾರ. ನೀರನ್ನು ಕುಡಿಯದೆ ಗಾಳಿಯಲ್ಲಿರುವ ತೇವವನ್ನೇ ಮೈಯಿಂದ ಹೀರಿಕೊಂಡು ಬದುಕುತ್ತದೆ. ಆದುದರಿಂದ ಹೊಟ್ಟು, ಬೆಚ್ಚನೆ, ತೇವ ಈ ಮೂರೂ ಕೂಡಿರುವ ಹಾಸಿಗೆಯು ಅದಕ್ಕೆ ಅರಮನೆಯಂತಿದೆ.

ಬಾಧೆಯನ್ನುಂಟುಮಾಡುವದು ಮುಖ್ಯವಾಗಿ ನುಸಿಯ ಮಲ. ಒಂದು ನುಸಿಯು ದಿನಕ್ಕೆ ಸುಮಾರು 20 ಉಂಡೆಗಳಷ್ಟು ಮಲವನ್ನು ಹಾಕುತ್ತದೆ. ಆಹಾರವನ್ನು ಅರಗಿಸುವ ಸಸಾರಜನಕ ದ್ರವ್ಯವು ಆ ಉಂಡೆಗಳಲ್ಲಿ ಉಳಿದಿರುತ್ತದೆ. ಎಲ್ಲರಿಗೂ ಇದರಿಂದ ಕೇಡಿಲ್ಲ. ಕೆಲವರ ದೇಹವು ಮಾತ್ರ ಇದನ್ನು ಶತ್ರುವೆಂದು ಭ್ರಮಿಸಿ ಪ್ರತಿಭಟಿಸುತ್ತದೆ. ಇದಕ್ಕೇ ಅಲರ್ಜಿ ಎಂದು ಹೆಸರು. ಈ ಪ್ರತಿಭಟನೆಯು ಮೂಗಿನಲ್ಲಾದರೆ ಸೀನು, ಶ್ವಾಸನಾಳಗಳಲ್ಲಾದರೆ ಉಬ್ಬಸ.

ಈ ರಹಸ್ಯವು ಒಂದೇ ದಿನದಲ್ಲಿ ಬಯಲಾಗಲಿಲ್ಲ. 1928ರಲ್ಲಿ ಡೆಕ್ಕರ್ ಎಂಬ ಜರ್ಮನ್ ವೈದ್ಯರು ಹಾಸಿಗೆಯ ನುಸಿಗೂ ಉಬ್ಬಸಕ್ಕೂ ಸಂಬಂಧವುಂಟೆಂದು ಸೂಚಿಸಿದರು. ಆದರೆ ಅದಕ್ಕೆ ಹೆಚ್ಚು ಮನ್ನಣೆ ದೊರೆಯಲಿಲ್ಲ. 1960ರ ದಶಕದಲ್ಲಿ ಹಾಲೆಂಡಿನ ಲೈಡನ್ ನಗರದ ವೂರ್ಹೋರ್ಸ್ಟ್, ಸ್ಪೀಕ್ಸ್ಮಾ ಮೊದಲಾದವರು, ತೇವವುಳ್ಳ ಮನೆಗಳ ಧೂಳೇ ಹೆಚ್ಚು ಬಾಧಿಸುವದೇಕೆಂದು ವಿಚಾರಿಸುತ್ತ ಹೋಗಿ, ಅದಕ್ಕೆ ನುಸಿಯೇ ಕಾರಣವೆಂದು ಸ್ಥಾಪಿಸಿದರು.

ಆ ಮಲದ ಉಂಡೆಗಳು ಧೂಳಿನ ಇತರ ಕಣಗಳಿಗಿಂತ ಭಾರವಾದವು. ಹಾಸಿಗೆಯನ್ನು ಕೊಡವಿದಾಗ ಮೇಲೆದ್ದರೂ ಸ್ವಲ್ಪ ಹೊತ್ತಿನಲ್ಲಿಯೇ ಕೆಳಗಿಳಿಯುತ್ತವೆ. ಆದುದರಿಂದ ಗಾಳಿಯನ್ನು ಶೋಧಿಸುವ ಯಂತ್ರಗಳಿಂದ ಇಲ್ಲಿ ಹೆಚ್ಚು ಪ್ರಯೋಜನವಿಲ್ಲ. ಮೂಗಿಗೆ ಅತಿ ಸಮೀಪದಲ್ಲಿ ಏಳೆಂಟು ಗಂಟೆಗಳ ಕಾಲ ಇರುವ ದಿಂಬು, ಹಾಸಿಗೆ, ಹೊದಿಕೆಗಳನ್ನೇ ಮೊದಲು ನೋಡಿಕೊಳ್ಳತಕ್ಕದ್ದು.

ಮೊದಲನೆಯದಾಗಿ, ಹಾಸಿಗೆಗೂ ದಿಂಬಿಗೂ ಒತ್ತಾದ ನೇಯ್ಗೆಯ ಪೂರ್ಣ ಗವಸನ್ನು ಹಾಕಿ ಬಾಯಿ ಮುಚ್ಚಬೇಕು. ಇದಕ್ಕೆಂದೇ ಮಾಡಿದ ಗವಸುಗಳು ಪೇಟೆಯಲ್ಲಿ ದೊರೆಯುತ್ತವೆ. ಒಳಗಿರುವದು ಬೂರುಗದ ಹತ್ತಿಯೋ ಬೇರೆಯೋ ಎಂಬದಕ್ಕಿಂತ ಮೇಲಿನ ಬಟ್ಟೆಯ ನೇಯ್ಗೆಯೇ ಮುಖ್ಯ.

ಎರಡನೆಯದಾಗಿ, ಹಾಸುಬಟ್ಟೆ, ದಿಂಬಿನ ಚೀಲ, ಹೊದಿಕೆಗಳನ್ನು ವಾರಕ್ಕೊಮ್ಮೆ ಒಗೆಯಬೇಕು. ನೀರು 55 ಡಿಗ್ರಿ ಸೆಲ್ಸಿಯಸಿಗೆ ಕಡಿಮೆಯಾಗದಿದ್ದರೆ ನುಸಿಗಳು ಸಾಯುತ್ತವೆ. ಉಷ್ಣಮಾಪಕವಿಲ್ಲದ ಮನೆಯಲ್ಲಿ, ಒಂದು ಕೊಡ ಕುದಿಯುವ ನೀರಿಗೆ ಮುಕ್ಕಾಲು ಕೊಡ ತಣ್ಣೀರನ್ನು ಬೆರೆಸಿದರೆ ಬೇಕಾದಷ್ಟು ಕಾವು ಉಳಿಯುತ್ತದೆ. ಅದು ಕೈಯನ್ನು ಸುಡುವಷ್ಟು ಬಿಸಿಯಾದುದರಿಂದ ಬಟ್ಟೆಯನ್ನು ಕೋಲಿನಿಂದಲೇ ಅದ್ದಬೇಕು. ಚಿಕ್ಕ ಮಕ್ಕಳನ್ನು ದೂರವಿಡಬೇಕು. ಬರಿಯ ತಣ್ಣೀರಿನಲ್ಲಿ ಒಗೆದರೆ ಮಲದ ಅಂಶವು ಬಹುಮಟ್ಟಿಗೆ ಹೋದರೂ ನುಸಿಗಳಲ್ಲಿ ಬಹುಪಾಲು ಬದುಕಿ ಉಳಿಯುತ್ತವೆ.

ಮೂರನೆಯದಾಗಿ, ಬಿಸಿಲು. ನಮ್ಮ ಅಜ್ಜಿಯರು ಹಾಸಿಗೆ, ಕೌದಿ, ಕಂಬಳಿಗಳನ್ನು ಅಂಗಳದಲ್ಲಿ ಹರಡುತ್ತಿದ್ದ ಪದ್ಧತಿಯು ಶಾಸ್ತ್ರಸಮ್ಮತವಾದುದೇ. ಉರಿಬಿಸಿಲಿನ ಕಾವಿಗೂ ಶುಷ್ಕತೆಗೂ ನುಸಿಯು ತಾಳಲಾರದು. ಆದರೆ ದಪ್ಪ ಹಾಸಿಗೆಯ ಒಳಗೆ ಕಾವು ಇಳಿಯದಿರುವದರಿಂದ ಮಗ್ಗುಲು ಬದಲಾಯಿಸಬೇಕು. ಸತ್ತ ನುಸಿಯೂ ಅದರ ಮಲವೂ ಅಲ್ಲಿಯೇ ಉಳಿಯುವದರಿಂದ ಬಳಿಕ ಹೊರಗಡೆಯೇ ಬಡಿದು ಕೊಡವಬೇಕು. ಈ ಕೆಲಸವನ್ನು ಉಬ್ಬಸವುಳ್ಳವರು ಮಾಡಬಾರದು. ಅವರು ಹತ್ತಿರವೂ ನಿಲ್ಲಬಾರದು.

ನಾಲ್ಕನೆಯದಾಗಿ, ಕೋಣೆಯಲ್ಲಿ ಧೂಳು ತಂಗುವ ಸ್ಥಳಗಳನ್ನು ಕಡಿಮೆ ಮಾಡಬೇಕು. ಮಂಚದ ಕೆಳಗಿನ ಹಳೆಯ ಬಟ್ಟೆಯ ಗಂಟು, ಜಮಖಾನೆ, ಬಟ್ಟೆಯ ಬೊಂಬೆ ಇವು ಬೇರೆಡೆಗೆ ಹೋಗಲಿ. ಒಣ ಪೊರಕೆಯಿಂದ ಧೂಳೆಬ್ಬಿಸುವದಕ್ಕಿಂತ ಒದ್ದೆ ಬಟ್ಟೆಯಿಂದ ಒರಸುವದು ಲೇಸು. ಒದ್ದೆ ಬಟ್ಟೆಗಳನ್ನು ಮಲಗುವ ಕೋಣೆಯಲ್ಲಿ ಒಣಹಾಕಬಾರದು. ಮಂಗಳೂರಿನಂಥ ಊರುಗಳಲ್ಲಿ ಮಳೆಗಾಲದ ತೇವವನ್ನು ತಡೆಯುವದು ಅಸಾಧ್ಯ. ಅಲ್ಲಿ ಗವಸನ್ನೂ ಬಿಸಿನೀರನ್ನೂ ಹೆಚ್ಚಾಗಿ ನಂಬಿ, ಬಿಸಿಲು ಬಿದ್ದ ದಿನವನ್ನು ವ್ಯರ್ಥಮಾಡದಿರುವದೇ ಜಾಣತನ.

ಆದರೆ ಇಷ್ಟರಿಂದಲೇ ಸರ್ವರೋಗವೂ ವಾಸಿಯಾಗುವದೆಂದು ಯಾರೂ ಭಾವಿಸಬಾರದು. 2003ರಲ್ಲಿ ಇಂಗ್ಲೆಂಡಿನ ವೈದ್ಯರು ಉಬ್ಬಸವುಳ್ಳ ಸಾವಿರಕ್ಕೂ ಮಿಕ್ಕ ವಯಸ್ಕರಲ್ಲಿ ಪರೀಕ್ಷಿಸಿದಾಗ, ಗವಸೊಂದರಿಂದಲೇ ವಿಶೇಷ ಗುಣ ಕಾಣಲಿಲ್ಲ. ಆದರೆ 2017ರಲ್ಲಿ ಪ್ರಕಟವಾದ ಮತ್ತೊಂದು ಪರೀಕ್ಷೆಯಲ್ಲಿ, ನುಸಿಯ ಅಲರ್ಜಿಯುಳ್ಳ ಮಕ್ಕಳ ಪೈಕಿ ಗವಸು ಹಾಕಿದವರಲ್ಲಿ ನೂರಕ್ಕೆ ಸುಮಾರು 29 ಮಂದಿಯೂ, ಸಾಧಾರಣ ಗವಸಿನವರಲ್ಲಿ ಸುಮಾರು 42 ಮಂದಿಯೂ ವರ್ಷದೊಳಗೆ ಉಬ್ಬಸದ ಉಲ್ಬಣದಿಂದ ಆಸ್ಪತ್ರೆಗೆ ಓಡಬೇಕಾಯಿತು. ಆದುದರಿಂದ ಒಂದು ಉಪಾಯಕ್ಕೆ ಜೋತುಬೀಳದೆ ಎಲ್ಲವನ್ನೂ ಕೂಡಿಸಿ, ಬಿಡದೆ ನಡಿಸತಕ್ಕದ್ದು. ಬಾಧೆಯು ನುಸಿಯಿಂದಲೇ ಹೌದೋ ಅಲ್ಲವೋ ಎಂಬದನ್ನು ವೈದ್ಯರು ಚರ್ಮದ ಮೇಲಿನ ಸಣ್ಣ ಪರೀಕ್ಷೆಯಿಂದ ತಿಳಿಯಬಲ್ಲರು. ಅವರು ಕೊಟ್ಟ ಔಷಧವನ್ನು, ಮುಖ್ಯವಾಗಿ ಉಸಿರಿನಲ್ಲಿ ಸೇದುವ ಔಷಧವನ್ನು, ಕೋಣೆ ಶುಚಿಯಾಯಿತೆಂದು ತಾವಾಗಿಯೇ ನಿಲ್ಲಿಸಬಾರದು. ಹೆಣ್ಣುಮಗಳಿಗೆ ಇಂಥ ರೋಗವುಂಟೆಂದು ಜನ ತಿಳಿದಾರೆಂಬ ಅಂಜಿಕೆಯಿಂದ ಅದನ್ನು ಬಚ್ಚಿಡಲೂ ಬಾರದು. ಉಬ್ಬಸವು ನಾಚಿಕೆಯ ವಿಷಯವಲ್ಲ. ಅಲಕ್ಷ್ಯ ಮಾಡಿದರೆ ಪ್ರಾಣಕ್ಕೆ ಕೇಡು ತರುವ ವಿಷಯ.

ವಿದ್ಯಾರ್ಥಿನಿಯರೇ, ನಾಳೆ ಮನೆಗಳನ್ನು ನಡಿಸುವವರು ನೀವು. ಬೆಳಿಗ್ಗೆ ಸೀನುತ್ತ ಏಳುವ ತಂಗಿಯನ್ನೋ ತರಗತಿಯಲ್ಲಿ ತೂಕಡಿಸುವ ಗೆಳತಿಯನ್ನೋ ಕಂಡರೆ, ಅವಳನ್ನು ಗದರಿಸುವದಕ್ಕೆ ಮುಂಚೆ ಅವಳು ರಾತ್ರಿ ಹೇಗೆ ಮಲಗಿದ್ದಳೆಂದು ವಿಚಾರಿಸಿರಿ. ಅವಳ ದಿಂಬನ್ನು ಒಮ್ಮೆ ನೋಡಿರಿ.